ಕಾರವಾರ ಕರಾವಳಿಯ ಸಮುದ್ರಮಾರ್ಗವೂ ಎರಡು ಕೊರೋನಾ ಜ್ವರಗಳೂ

೧

ಸಮುದ್ರತೀರದ ಊರುಗಳ ಚರಿತ್ರೆಯನ್ನು ಬರೆಯುವವರು ಸಾಂಕ್ರಾಮಿಕ ರೋಗಗಳ ಪ್ರಸಂಗ ಬಂದಾಗ ಬಹುಮಟ್ಟಿಗೆ ಒಂದೇ ಬಗೆಯ ಕಾರಣವನ್ನು ಹೇಳಿ ಮುಂದುವರಿಯುವುದು ವಾಡಿಕೆ. ಬಂದರವಿದ್ದೆಡೆಗೆ ಹಡಗು ಬರುವುದು, ಹಡಗಿನೊಡನೆ ಪರಸ್ಥಳದ ಜನರು ಬರುವರು, ಜನರೊಡನೆ ರೋಗವೂ ಬರುವುದು ಎಂಬುದೇ ಆ ಕಾರಣಪರಂಪರೆ. ಇದು ಸತ್ಯವೇ ಆದರೂ ಸತ್ಯದ ಅರ್ಧಭಾಗ ಮಾತ್ರ. ದಾರಿ ತೆರೆದಿದ್ದರೂ ಬಾರದ ರೋಗಗಳ ಲೆಕ್ಕವನ್ನಿಟ್ಟವರು ವಿರಳ. ಬಂದುದನ್ನು ಮಾತ್ರ ಎಣಿಸಿ ಬಾರದುದನ್ನು ಎಣಿಸದೆ ಬರೆದ ಚರಿತ್ರೆಯಲ್ಲಿ ದಾರಿಗೂ ಆ ದಾರಿಯಲ್ಲಿ ನಡೆದವರಿಗೂ ಸಲ್ಲದ ದೋಷವು ಅಂಟಿಕೊಳ್ಳುವುದುಂಟು.

ಈ ಲೇಖನದಲ್ಲಿ ಕಾರವಾರ, ಅಂಕೋಲೆಗಳನ್ನೊಳಗೊಂಡ ಉತ್ತರಕನ್ನಡದ ಕರಾವಳಿಯನ್ನು ಮುಂದಿಟ್ಟುಕೊಂಡು ಇಂತಹದೊಂದು ಪ್ರಶ್ನೆಯನ್ನು ವಿಚಾರಿಸುವುದಾಗಿದೆ. ೨೦೧೨ರಲ್ಲಿ ಅರಬಸ್ಥಾನದಲ್ಲಿ ಹೊಸದೊಂದು ಶ್ವಾಸರೋಗವು ಕಂಡುಬಂದಿತು. ಮಧ್ಯಪ್ರಾಚ್ಯದ ಹೆಸರಿನಿಂದ ಅದನ್ನು ಮರ್ಸ್ ಎಂದು ಕರೆದರು. ೨೦೧೯ರ ಕೊನೆಗೆ ಚೀನದೇಶದಲ್ಲಿ ಮತ್ತೊಂದು ಕಂಡುಬಂದಿತು, ಅದೇ ಕೋವಿಡ್. ಎರಡಕ್ಕೂ ಮೂಲವಾದುದು ಕೊರೋನಾ ಎಂಬ ಒಂದೇ ಕುಲದ ವಿಷಾಣು. ಮೊದಲನೆಯದು ಕಾಣಿಸಿಕೊಂಡ ನಾಡಿಗೂ ನಮ್ಮ ಈ ಕರಾವಳಿಗೂ ನಿತ್ಯದ ಹೋಗುಬರವುಂಟು. ಆದರೂ ಅದು ಇತ್ತ ಬಾರಲಿಲ್ಲ. ಎರಡನೆಯದು ಕಾಣಿಸಿಕೊಂಡ ನಾಡಿನೊಡನೆ ಈ ತೀರಕ್ಕೆ ಅಷ್ಟು ಬಳಕೆಯಿಲ್ಲ. ಆದರೂ ಕೆಲವೇ ತಿಂಗಳಲ್ಲಿ ಅದು ಅರಬಸ್ಥಾನದ ಕಡೆಯ ದಾರಿಯನ್ನೇ ಹಿಡಿದು ಇಲ್ಲಿಗೆ ಮುಟ್ಟಿತು. ದಾರಿಯೂ ಒಂದೇ, ಜನರೂ ಅವರೇ. ಫಲ ಮಾತ್ರ ಬೇರೆಯಾಯಿತು. ಇದರ ಕಾರಣವೇನು?

ಉತ್ತರದ ಒಂದು ಮುಖ್ಯಾಂಶವು ಬಂದರದಲ್ಲಿಲ್ಲ, ಮನುಷ್ಯನ ಮೈಯಲ್ಲಿದೆ ಎಂಬುದನ್ನು ತೋರಿಸುವುದೇ ಇಲ್ಲಿಯ ಉದ್ದೇಶ. ಮರ್ಸ್ ವಿಷಾಣುವಿಗೆ ಬಾಗಿಲಾದುದು ಜೀವಕೋಶದ ಮೇಲ್ಮೈಯಲ್ಲಿರುವ ಒಂದು ಕಿಣ್ವ. ವಿಚಿತ್ರವೆಂದರೆ ಅದೇ ಕಿಣ್ವವು ಮಧುಮೇಹದ ಚಿಕಿತ್ಸೆಯಲ್ಲಿಯೂ ಪ್ರಸಿದ್ಧವಾದುದು.

೨

ಮೊದಲು ದಾರಿಯ ವಿಚಾರ. ಕಾಳೀನದಿಯ ಮುಖದಲ್ಲಿರುವ ಕಾರವಾರ, ಅದರ ತೆಂಕಣಕ್ಕೆ ಅಂಕೋಲೆಯ ಬೇಲೆಕೇರಿ, ಮುಂದೆ ಕುಮಟೆ, ಹೊನ್ನಾವರ, ಭಟ್ಕಳ: ಈ ಬಂದರಗಳ ಸಾಲು ಬಹುಕಾಲದಿಂದ ಪಶ್ಚಿಮಕ್ಕೆ ಮುಖಮಾಡಿ ನಿಂತುದು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನು ಹೊನ್ನಾವರವನ್ನು ಕಂಡು ಅಲ್ಲಿಯ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬಸ್ಥಾನದ ಕಡೆಯಿಂದ ಹೊನ್ನಾವರ, ಭಟ್ಕಳಗಳಲ್ಲಿ ಇಳಿಯುತ್ತಿದ್ದುದು ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ವಿದಿತವಾದ ಸಂಗತಿ. ಕ್ರಿ. ಶ. ೧೬೩೮ರಲ್ಲಿ ಕೋರ್ಟೀನನ ಸಂಘದ ಇಂಗ್ಲಿಷರು ಕಾರವಾರದಲ್ಲಿ ಕೋಠಿಯನ್ನು ತೆರೆದರು. ಮೆಣಸೂ ಬಟ್ಟೆಯೂ ಅಲ್ಲಿಂದ ಹೊರಟವು. ೧೮೬೨ರಲ್ಲಿ ಉತ್ತರಕನ್ನಡವು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿದ ಮೇಲೆ ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು; ಉಗಿಹಡಗಿನ ದಾರಿಯಿಂದ ಅದು ಮುಂಬಯಿಗೆ ನೆರೆಯೂರಾಯಿತು.

ಈ ದಾರಿಯಿಂದ ಸರಕು ಮಾತ್ರವೇ ಬಂದಿತೆನ್ನಲಾಗದು. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಂಡ ಪ್ಲೇಗು ಇಲಾಖೆಯ ಜಿಲ್ಲೆಗಳಿಗೆ ಹಬ್ಬಿ, ೧೮೯೮ರಲ್ಲಿ ಘಟ್ಟದ ಮೇಲಣ ಹುಬ್ಬಳ್ಳಿಯನ್ನು ತೀವ್ರವಾಗಿ ಪೀಡಿಸಿತು. ಅದರ ನಿಮಿತ್ತವಾಗಿಯೇ ೧೮೯೭ರ ಸಾಂಕ್ರಾಮಿಕ ರೋಗಗಳ ಕಾನೂನು ಹುಟ್ಟಿತು. ೧೯೧೮ರ ಇನ್‌ಫ್ಲುಯೆಂಜಾ ಕೂಡ ಮುಂಬಯಿ ಬಂದರದಲ್ಲಿಯೇ ಮೊದಲು ಕಾಲಿಟ್ಟು, ಆ ಒಂದು ಇಲಾಖೆಯಲ್ಲಿಯೇ ಹತ್ತು ಲಕ್ಷಕ್ಕೆ ಮಿಕ್ಕ ಜನರನ್ನು ನುಂಗಿತು. ಹೀಗಿರುವಲ್ಲಿ 'ರೋಗವು ಕಡಲಿನಿಂದ ಬರುವುದು' ಎಂಬ ನಂಬಿಕೆ ಈ ತೀರದಲ್ಲಿ ಬೇರೂರಿದರೆ ಆಶ್ಚರ್ಯವಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಾರಿಯ ರೂಪವು ಬದಲಾಯಿತು, ದಿಕ್ಕು ಬದಲಾಗಲಿಲ್ಲ. ಹಾಯಿಹಡಗಿನ ಬದಲಿಗೆ ವಿಮಾನ ಬಂದಿತು. ಕುದುರೆ, ಮೆಣಸುಗಳ ಬದಲಿಗೆ ದುಡಿಮೆಯೇ ಸರಕಾಯಿತು. ದುಬೈ, ಮಸ್ಕತ್, ಜೆದ್ದಾ, ರಿಯಾದ್ ಎಂಬ ಹೆಸರುಗಳು ಈ ಕರಾವಳಿಯ ಅನೇಕ ಮನೆಗಳಲ್ಲಿ ನೆರೆಯ ತಾಲ್ಲೂಕಿನ ಹೆಸರುಗಳಂತೆ ಬಳಕೆಯಾದವು. ಹಜ್ಜಿನ ಯಾತ್ರೆಯೂ ಇದೇ ದಿಕ್ಕಿನದು.

೩

ಇನ್ನು ರೋಗದ ವಿಚಾರವಾಗಿ ನಮ್ಮ ಪೂರ್ವಿಕರು ಏನನ್ನು ತಿಳಿದಿದ್ದರೆಂಬುದನ್ನು ಸಂಕ್ಷೇಪವಾಗಿ ನೋಡೋಣ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವೆಂಬ ವಿಷಯಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಪ್ರಕೃತಿಯಲ್ಲಿಯೂ ಆಹಾರದಲ್ಲಿಯೂ ಬೇರೆಬೇರೆಯಾದ ಜನರು ಒಂದೇ ಕಾಲದಲ್ಲಿ ಒಂದೇ ರೋಗಕ್ಕೆ ಹೇಗೆ ತುತ್ತಾಗುವರೆಂಬ ಪ್ರಶ್ನೆಯನ್ನೆತ್ತಿ, ಎಲ್ಲರಿಗೂ ಸಮಾನವಾದ ವಾಯು, ಜಲ, ದೇಶ, ಕಾಲಗಳು ಕೆಡುವುದೇ ಕಾರಣವೆಂದು ಅಲ್ಲಿ ಹೇಳಿದೆ. ಸುಶ್ರುತನಾದರೋ ಮೈಸೋಂಕು, ಉಸಿರು, ಸಹಭೋಜನ, ಒಂದೇ ಹಾಸಿಗೆ, ಒಬ್ಬರುಟ್ಟ ಬಟ್ಟೆ ಇವುಗಳಿಂದ ಜ್ವರವೇ ಮೊದಲಾದ ಕೆಲವು ರೋಗಗಳು ಒಬ್ಬರಿಂದೊಬ್ಬರಿಗೆ ದಾಟುವುವೆಂದು ಗುರುತಿಸಿದ್ದಾನೆ. ಮಧುಮೇಹವನ್ನು ಇಬ್ಬರೂ ಬಲ್ಲರು; ಇಪ್ಪತ್ತು ಬಗೆಯ ಪ್ರಮೇಹಗಳಲ್ಲಿ ಅದನ್ನು ಸೇರಿಸಿದ್ದಾರೆ.

ಕನ್ನಡದಲ್ಲಿ ವೈದ್ಯಶಾಸ್ತ್ರದ ಗ್ರಂಥಗಳ ಪರಂಪರೆ ಸಣ್ಣದಲ್ಲ. ಹನ್ನೆರಡನೆಯ ಶತಮಾನದ ಕೀರ್ತಿವರ್ಮನ ಗೋವೈದ್ಯ, ಪೂಜ್ಯಪಾದರ ಗ್ರಂಥವನ್ನನುಸರಿಸಿ ಜಗದ್ದಳ ಸೋಮನಾಥನು ರಚಿಸಿದ ಕರ್ನಾಟಕ ಕಲ್ಯಾಣಕಾರಕ, ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ, ಅನಂತರದ ಅಭಿನವಚಂದ್ರನ ಅಶ್ವವೈದ್ಯ ಇವು ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತವಾದ ಹೆಸರುಗಳು. ದನಕ್ಕೊಂದು, ಕುದುರೆಗೊಂದು, ಮನುಷ್ಯನಿಗೊಂದು ಎಂದು ಶಾಸ್ತ್ರವನ್ನು ಬೇರೆಬೇರೆಯಾಗಿ ಬರೆದ ಈ ಪರಂಪರೆಯನ್ನು ಮುಂದೆ ಒಂಟೆಯ ಪ್ರಸಂಗ ಬಂದಾಗ ವಾಚಕರು ನೆನೆಯಬೇಕು.

ಹಳೆಯ ಶಾಸ್ತ್ರದಲ್ಲಿ ಮಧುಮೇಹವೂ ಸೋಂಕುಜ್ವರವೂ ಬೇರೆಬೇರೆ ಪ್ರಕರಣಗಳಲ್ಲಿ ಬರುವುವು. ಎರಡನ್ನೂ ಒಂದೇ ವಸ್ತುವಿನಲ್ಲಿ ಕೂಡಿಸಿ ನೋಡುವ ಸಂದರ್ಭವು ಒದಗಿದುದು ನಮ್ಮ ಕಾಲದಲ್ಲಿ. ಆ ವಸ್ತುವಿನ ಹೆಸರೇ ಕಿಣ್ವ.

ಈ ಶಬ್ದದ ಮೇಲೆ ಒಂದು ಮಾತು ಹೇಳುವುದು ಅಪ್ರಸ್ತುತವಾಗಲಾರದು. ಕಿಣ್ವವೆಂದರೆ ಸಂಸ್ಕೃತದಲ್ಲಿ ಮದ್ಯವನ್ನು ಹುದುಗಿಸಲು ಹಾಕುವ ಹುಳಿ, ಹೆಪ್ಪು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣದಲ್ಲಿ ಆ ಶಬ್ದವು ಇದೇ ಅರ್ಥದಲ್ಲಿ ಬಂದಿದೆ. ಯೂರೋಪಿನಲ್ಲಿ ೧೮೭೦ರ ದಶಕದಲ್ಲಿ ಕ್ಯೂನೆ ಎಂಬ ಜರ್ಮನ್ ಪಂಡಿತನು ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಯನ್ನು ನಡೆಸುವ ದ್ರವ್ಯಗಳಿಗೆ ಎಂಜೈಮ್ ಎಂಬ ಹೆಸರನ್ನಿಟ್ಟನು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥವೂ 'ಹುದುಗಿನಲ್ಲಿರುವುದು' ಎಂದೇ. ಆದುದರಿಂದ ಕನ್ನಡದಲ್ಲಿ ಕಿಣ್ವವೆಂಬ ಶಬ್ದವನ್ನು ಆರಿಸಿದವರು ಧ್ವನಿಯನ್ನನುಕರಿಸದೆ ಅರ್ಥದ ಬೇರನ್ನೇ ಹಿಡಿದರೆನ್ನಬೇಕು.

೪

ನಮಗೆ ಬೇಕಾದ ಕಿಣ್ವದ ಚರಿತ್ರೆಯು ೧೯೬೬ರಲ್ಲಿ ಮೊದಲಾಗುತ್ತದೆ. ಫಿನ್ಲೆಂಡಿನ ಹೊಪ್ಸು-ಹಾವು, ಅಮೆರಿಕದ ಗ್ಲೆನ್ನರ್ ಎಂಬಿಬ್ಬರು ಇಲಿಯ ಯಕೃತ್ತಿನಲ್ಲಿ ಇದನ್ನು ಕಂಡರು. ಪ್ರೋಟೀನುಗಳು ಅಮೈನೋ ಆಮ್ಲಗಳ ಮಣಿಗಳನ್ನು ಪೋಣಿಸಿದ ಸರಗಳೆಂದು ಭಾವಿಸಿದರೆ, ಈ ಕಿಣ್ವವು ಸರದ ತುದಿಯಿಂದ ಎರಡೆರಡು ಮಣಿಗಳನ್ನು ಕತ್ತರಿಸುವ ಕತ್ತರಿ. ಅದೂ ಎರಡನೆಯ ಮಣಿಯು ಪ್ರೋಲೀನ್ ಅಥವಾ ಅಲನೀನ್ ಆಗಿದ್ದಲ್ಲಿ ವಿಶೇಷವಾಗಿ. ಈ ಗುಣದಿಂದಲೇ ಅದಕ್ಕೆ ಡೈಪೆಪ್ಟಿಡೈಲ್ ಪೆಪ್ಟಿಡೇಸ್-೪ ಎಂಬ ಉದ್ದನೆಯ ಹೆಸರು ಬಂದಿತು. ಸಂಕ್ಷೇಪವಾಗಿ ಡಿಪಿಪಿ-೪ ಎನ್ನುವರು. ರಕ್ತದ ಬಿಳಿಕಣಗಳನ್ನು ಅಭ್ಯಾಸಮಾಡುತ್ತಿದ್ದವರು ಅದನ್ನೇ ಬೇರೆ ದಾರಿಯಿಂದ ಕಂಡು ಸಿಡಿ-೨೬ ಎಂದು ಕರೆದರು. ಎರಡು ಹೆಸರಿನ ವಸ್ತುವು ಒಂದೇ ಎಂಬುದು ಆಮೇಲೆ ನಿಶ್ಚಯವಾಯಿತು. ಮೂತ್ರಪಿಂಡ, ಕರುಳು, ಯಕೃತ್ತು, ಶ್ವಾಸಕೋಶ ಮೊದಲಾದ ಅಂಗಗಳ ಕೋಶಗಳಲ್ಲಿ ಇದು ಹೊರಮೈಗೆ ಚಾಚಿಕೊಂಡು ನಿಂತಿರುತ್ತದೆ; ಒಂದಷ್ಟು ರಕ್ತದಲ್ಲಿಯೂ ಸಂಚರಿಸುತ್ತದೆ.

ಮಧುಮೇಹಕ್ಕೂ ಇದಕ್ಕೂ ಇರುವ ಸಂಬಂಧವು ೧೯೯೩ರಲ್ಲಿ ಮೆಂಟ್ಲೈನ್ ಮತ್ತು ಅವರ ಸಹೋದ್ಯೋಗಿಗಳಿಂದ ಸ್ಪಷ್ಟವಾಯಿತು. ನಾವು ಉಂಡಾಗ ಕರುಳಿನಿಂದ ಜಿಎಲ್‌ಪಿ-೧ ಎಂಬ ದ್ರವ್ಯವು ಸ್ರವಿಸಿ ಇನ್ಸುಲಿನ್ನನ್ನು ಹೊರಡಿಸುವಂತೆ ಮೇದೋಜೀರಕ ಗ್ರಂಥಿಗೆ ಸೂಚನೆ ಕೊಡುತ್ತದೆ. ಡಿಪಿಪಿ-೪ ಅದರ ತುದಿಯ ಎರಡು ಮಣಿಗಳನ್ನು ಕತ್ತರಿಸಿ ಒಂದೆರಡು ನಿಮಿಷಗಳಲ್ಲಿಯೇ ಅದನ್ನು ನಿಷ್ಫಲಗೊಳಿಸುವುದು. ಕತ್ತರಿಯ ಅಲಗನ್ನು ಮೊಂಡಾಗಿಸಿದರೆ ಆ ದ್ರವ್ಯವು ಹೆಚ್ಚು ಹೊತ್ತು ಉಳಿದು ರಕ್ತದ ಸಕ್ಕರೆಯು ಇಳಿಯಬೇಕಷ್ಟೆ. ಈ ತರ್ಕದಿಂದ ಹುಟ್ಟಿದುದು ಗ್ಲಿಪ್ಟಿನ್ ವರ್ಗದ ಔಷಧಗಳು. ಅವುಗಳಲ್ಲಿ ಮೊದಲನೆಯದಾದ ಸಿಟಾಗ್ಲಿಪ್ಟಿನ್ನಿಗೆ ೨೦೦೬ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂದು ನಮ್ಮ ನಾಡಿನ ಔಷಧದ ಅಂಗಡಿಗಳಲ್ಲಿಯೂ ಸಕ್ಕರೆ ಕಾಯಿಲೆಯವರು ಈ ವರ್ಗದ ಗುಳಿಗೆಗಳನ್ನು ಕೊಳ್ಳುತ್ತಾರೆ.

೫

ಕೊರೋನಾ ವಿಷಾಣುಗಳಿಗೆ ಆ ಹೆಸರು ಬಂದುದು ೧೯೬೮ರಲ್ಲಿ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವುಗಳ ಸುತ್ತಣ ಮುಳ್ಳುಗಳು ಗ್ರಹಣಕಾಲದಲ್ಲಿ ಸೂರ್ಯನ ಸುತ್ತ ಕಾಣುವ ಪ್ರಭಾವಳಿಯನ್ನು ನೆನಪಿಗೆ ತಂದುದೇ ಇದಕ್ಕೆ ನಿಮಿತ್ತ. ಈ ಮುಳ್ಳುಗಳೇ ವಿಷಾಣುವಿನ ಬೀಗದ ಕೈಗಳು. ಕೋಶದ ಹೊರಮೈಯಲ್ಲಿರುವ ಯಾವುದಾದರೊಂದು ನಿಯತವಸ್ತುವಿಗೆ ಅವು ತಗುಲಿದಲ್ಲದೆ ವಿಷಾಣುವು ಒಳಹೊಗದು.

೧೯೯೨ರಲ್ಲಿ ನೆಗಡಿಯನ್ನುಂಟುಮಾಡುವ ಒಂದು ಕೊರೋನಾ ವಿಷಾಣುವಿಗೆ ಅಮೈನೋಪೆಪ್ಟಿಡೇಸ್-ಎನ್ ಎಂಬ ಕಿಣ್ವವು ಬಾಗಿಲೆಂದು ಕಂಡುಬಂದಿತು. ೨೦೦೩ರಲ್ಲಿ ಸಾರ್ಸ್ ರೋಗದ ವಿಷಾಣುವಿಗೆ ಎಸಿಇ-೨ ಎಂಬ ಮತ್ತೊಂದು ಕಿಣ್ವವು ಬಾಗಿಲೆಂದು ಗೊತ್ತಾಯಿತು. ರಕ್ತದ ಒತ್ತಡವನ್ನೇರಿಸುವ ಒಂದು ದ್ರವ್ಯವನ್ನು ಕತ್ತರಿಸುವುದು ಅದರ ಸಹಜವಾದ ಕೆಲಸ. ೨೦೧೨ರ ಜೂನ್ ತಿಂಗಳಲ್ಲಿ ಜೆದ್ದಾ ಪಟ್ಟಣದಲ್ಲಿ ಶ್ವಾಸರೋಗದಿಂದ ತೀರಿಕೊಂಡ ಒಬ್ಬ ರೋಗಿಯ ಕಫದಿಂದ ಅಲಿ ಮೊಹಮ್ಮದ್ ಜಾಕಿ ಎಂಬ ವಿಜ್ಞಾನಿ ಹೊಸ ವಿಷಾಣುವನ್ನು ಬೇರ್ಪಡಿಸಿದರು. ಅದನ್ನು ಡಚ್ಚರ ರಾಟರ್‌ಡ್ಯಾಂ ನಗರದ ಎರಾಸ್ಮಸ್ ವೈದ್ಯಕೇಂದ್ರದಲ್ಲಿ ಪರೀಕ್ಷಿಸಿದರು. ೨೦೧೩ರ ಮಾರ್ಚಿಯಲ್ಲಿ ಸ್ಟಾಲಿನ್ ರಾಜ್ ಮೊದಲಾದವರು ಈ ವಿಷಾಣುವಿನ ಬಾಗಿಲು ಡಿಪಿಪಿ-೪ ಎಂದು ಪ್ರಕಟಿಸಿದರು.

ಹೀಗೆ ಮೂರು ವಿಷಾಣುಗಳಿಗೆ ಮೂರು ಬಾಗಿಲುಗಳು. ಮೂರೂ ಪ್ರೋಟೀನು ಸರಗಳನ್ನು ಕತ್ತರಿಸುವ ಕಿಣ್ವಗಳು. ಇದನ್ನು ಕಂಡವರಿಗೆ 'ವಿಷಾಣುವು ಈ ಕತ್ತರಿಯ ಕೆಲಸವನ್ನೇ ಬಳಸಿಕೊಳ್ಳುತ್ತಿರಬಹುದು. ಮಧುಮೇಹದ ಗುಳಿಗೆಯಿಂದ ಅಲಗನ್ನು ಮೊಂಡುಮಾಡಿದರೆ ವಿಷಾಣುವೂ ನಿಲ್ಲಬಹುದು' ಎಂಬ ಊಹೆ ತಟ್ಟನೆ ಹೊಳೆಯುವುದು ಸಹಜ. ಆದರೆ ಪ್ರಯೋಗವು ಈ ಊಹೆಗೆ ಒಪ್ಪಲಿಲ್ಲ. ಗ್ಲಿಪ್ಟಿನ್ನುಗಳನ್ನು ಬೆರೆಸಿದ ಕೋಶಗಳನ್ನೂ ಮರ್ಸ್ ವಿಷಾಣುವು ಮೊದಲಿನಂತೆಯೇ ಹೊಕ್ಕಿತು. ೨೦೧೩ರಲ್ಲಿಯೇ ಕಿಣ್ವಕ್ಕೆ ವಿಷಾಣುವಿನ ಮುಳ್ಳು ಅಂಟಿಕೊಂಡಿರುವ ರೀತಿಯನ್ನು ಸ್ಫಟಿಕಗಳ ಮೂಲಕ ಕಂಡ ಮೇಲೆ ಕಾರಣವು ತಿಳಿಯಿತು. ಔಷಧವು ಕುಳಿತುಕೊಳ್ಳುವುದು ಕತ್ತರಿಯ ಅಲಗಿನ ಸಂದಿಯಲ್ಲಿ; ವಿಷಾಣುವು ಹಿಡಿಯುವುದು ದೂರದ ಹಿಡಿಕೆಯನ್ನು. ಅಲಗನ್ನು ಮುಚ್ಚಿದ ಮಾತ್ರಕ್ಕೆ ಹಿಡಿಕೆಯು ಮುಚ್ಚಿಹೋಗದು. ಅಡಿನೋಸೀನ್ ಡಿಅಮಿನೇಸ್ ಎಂಬ ನಮ್ಮ ಮೈಯದೇ ಇನ್ನೊಂದು ಪ್ರೋಟೀನು ಆ ಹಿಡಿಕೆಗೇ ಅಂಟಿಕೊಳ್ಳುವ ಸ್ವಭಾವದ್ದು. ಅದನ್ನು ಹೆಚ್ಚಾಗಿ ಬೆರೆಸಿದಾಗ ವಿಷಾಣುವಿನ ಪ್ರವೇಶಕ್ಕೆ ತಡೆಯಾಯಿತು.

ಇಲಿ, ಹ್ಯಾಮ್‌ಸ್ಟರ್ ಮೊದಲಾದ ಪ್ರಾಣಿಗಳಲ್ಲಿಯೂ ಡಿಪಿಪಿ-೪ ಉಂಟು. ಆದರೆ ಹಿಡಿಕೆಯ ಭಾಗದಲ್ಲಿ ಕೆಲವೇ ಅಮೈನೋ ಆಮ್ಲಗಳು ಬೇರೆಯಾಗಿರುವುದರಿಂದ ಅವು ಈ ರೋಗಕ್ಕೆ ಒಳಗಾಗುವುದಿಲ್ಲ. ಪ್ರಾಚೀನ ಹಸ್ತಪ್ರತಿಯಲ್ಲಿ ಒಂದೆರಡು ಅಕ್ಷರಗಳು ವ್ಯತ್ಯಾಸವಾದರೆ ಪದ್ಯದ ಅರ್ಥವೇ ಬೇರೆಯಾಗುವುದನ್ನು ಬಲ್ಲ ಪಾಠಸಂಶೋಧಕರಿಗೆ ಇದನ್ನು ವಿವರಿಸಬೇಕಾದುದಿಲ್ಲ.

೬

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಮರ್ಸ್ ವಿಷಾಣುವಿನ ಆಶ್ರಯಸ್ಥಾನವು ಒಂದು ಡುಬ್ಬದ ಒಂಟೆ. ಆಫ್ರಿಕದ ಪೂರ್ವಭಾಗದ ಒಂಟೆಗಳಿಂದ ೧೯೮೩ರಷ್ಟು ಹಿಂದೆ ತೆಗೆದಿಟ್ಟಿದ್ದ ರಕ್ತದಲ್ಲಿಯೂ ಈ ವಿಷಾಣುವಿನ ಸೋಂಕಿನ ಗುರುತು ದೊರೆತಿದೆ. ಅಂದರೆ ಮನುಷ್ಯನು ಕಂಡುದು ೨೦೧೨ರಲ್ಲಾದರೂ ರೋಗವು ಮೃಗದಲ್ಲಿ ಸುಮಾರು ಮೂವತ್ತು ವರ್ಷಗಳಿಂದ ಇದ್ದಿತು. ಗೋವೈದ್ಯ, ಅಶ್ವವೈದ್ಯಗಳನ್ನು ಮನುಷ್ಯವೈದ್ಯದಿಂದ ಬೇರೆಯಾಗಿಟ್ಟು ಓದುವ ಪದ್ಧತಿಯು ಇಲ್ಲಿ ಸಾಲದೆ ಹೋಗುತ್ತದೆ.

ಒಂಟೆಯಲ್ಲಿ ಡಿಪಿಪಿ-೪ ಮೂಗಿನೊಳಗಣ ಪೊರೆಯಲ್ಲಿ ಧಾರಾಳವಾಗಿದೆ. ಆದುದರಿಂದ ಅದರಲ್ಲಿ ಸೋಂಕು ನೆಗಡಿಯಂತೆ ಮೇಲೆಯೇ ನಿಂತು, ಸೀನಿದಲ್ಲೆಲ್ಲ ಹರಡುತ್ತದೆ. ಒಂಟೆಗೆ ಹೆಚ್ಚಿನ ಬಾಧೆಯಿಲ್ಲ. ಮನುಷ್ಯನ ಮೂಗಿನಲ್ಲಿ ಆ ಕಿಣ್ವವು ತೀರ ವಿರಳ. ಅದು ಇರುವುದು ಶ್ವಾಸಕೋಶದ ಆಳದಲ್ಲಿ, ಗಾಳಿಯ ಗೂಡುಗಳಲ್ಲಿ. ಆದಕಾರಣ ಮನುಷ್ಯನಿಗೆ ರೋಗವು ಹತ್ತುವುದು ಕಷ್ಟ. ಹತ್ತಿದರೆ ಆಳದಲ್ಲಿ ಹತ್ತಿ ಪ್ರಾಣಕ್ಕೆ ಎರವಾಗುವುದು. ಆಳದಲ್ಲಿರುವುದರಿಂದಲೇ ಮತ್ತೊಬ್ಬನಿಗೆ ಸುಲಭವಾಗಿ ದಾಟದು. ಈವರೆಗೆ ೨೭ ದೇಶಗಳಲ್ಲಿ ಸುಮಾರು ೨,೬೦೦ ಮಂದಿಗೆ ಈ ರೋಗವು ತಗುಲಿದುದು ವರದಿಯಾಗಿದೆ. ಅವರಲ್ಲಿ ನೂರಕ್ಕೆ ಸುಮಾರು ೩೬ ಮಂದಿ ಮೃತಪಟ್ಟರು. ಆ ದೇಶಗಳ ಪಟ್ಟಿಯಲ್ಲಿ ಭಾರತವು ಸೇರಿಲ್ಲ.

ಕೋವಿಡ್ ವಿಷಾಣುವಿನ ಬಾಗಿಲು ಎಸಿಇ-೨. ಅದು ಮನುಷ್ಯನ ಮೂಗಿನ ಪೊರೆಯಲ್ಲಿಯೇ ಇದೆ. ಆದುದರಿಂದ ರೋಗಲಕ್ಷಣ ತೋರುವುದಕ್ಕೆ ಮೊದಲೇ, ಮಾತನಾಡಿದಾಗಲೂ ಕೆಮ್ಮಿದಾಗಲೂ, ಅದು ಒಬ್ಬನಿಂದೊಬ್ಬನಿಗೆ ದಾಟಿತು. ಒಂದು ರೋಗದಲ್ಲಿ ಕದವು ಮನೆಯ ಹಿತ್ತಲಿನಲ್ಲಿ, ಇನ್ನೊಂದರಲ್ಲಿ ತಲೆಬಾಗಿಲಿನಲ್ಲಿ. ಬೀದಿಯಲ್ಲಿ ಹೋಗುವ ಅಪರಿಚಿತನಿಗೆ ಯಾವುದು ಸುಲಭವೆಂಬುದನ್ನು ಹೇಳಬೇಕಾದುದಿಲ್ಲ.

ಇದೊಂದೇ ಕಾರಣವೆಂದು ಹಟ ಹಿಡಿಯುವುದು ತರವಲ್ಲ. ೨೦೧೫ರಲ್ಲಿ ಮಧ್ಯಪ್ರಾಚ್ಯದಿಂದ ಮರಳಿದ ಒಬ್ಬ ಪ್ರಯಾಣಿಕನಿಂದ ದಕ್ಷಿಣ ಕೊರಿಯದಲ್ಲಿ ಮರ್ಸ್ ಹಬ್ಬಿ ೧೮೬ ಮಂದಿಗೆ ತಗುಲಿ ೩೮ ಮಂದಿಯನ್ನು ಬಲಿತೆಗೆದುಕೊಂಡಿತು. ಹಬ್ಬಿದುದು ಬಹುತೇಕ ಕಿಕ್ಕಿರಿದ ಆಸ್ಪತ್ರೆಗಳೊಳಗೆ. ಹಿತ್ತಿಲ ಕದವೂ ಕದವೇ ಎಂಬುದಕ್ಕೆ ಇದು ನಿದರ್ಶನ. ಒಂಟೆಗಳಿಲ್ಲದ ನಮ್ಮ ತೀರದಲ್ಲಿ ಮೃಗದಿಂದ ಮತ್ತೆಮತ್ತೆ ಸೋಂಕು ತಗುಲುವ ಸಂಭವವಿಲ್ಲದುದೂ, ಅದೃಷ್ಟವೂ ಲೆಕ್ಕಕ್ಕೆ ಸೇರಬೇಕು. ಆದರೂ ದಾರಿಯೊಂದನ್ನೇ ಹಿಡಿದು ನಡೆದರೆ ಎರಡು ರೋಗಗಳ ಭೇದವು ಬಗೆಹರಿಯದೆಂಬಷ್ಟು ಇಲ್ಲಿ ಸ್ಥಿರಪಡುತ್ತದೆ.

೭

೨೦೨೦ರ ಮಾರ್ಚಿಯಲ್ಲಿ ಉತ್ತರಕನ್ನಡ ಜಿಲ್ಲೆಯಲ್ಲಿ ಕೋವಿಡ್ ಮೊದಲು ಕಂಡುದು ದುಬೈಯಿಂದ ಭಟ್ಕಳಕ್ಕೆ ಮರಳಿದವರಲ್ಲಿ. ಆ ಮೊದಲ ರೋಗಿಗಳಿಗೆ ಚಿಕಿತ್ಸೆ ನಡೆದುದು ಕಾರವಾರದ ನೌಕಾನೆಲೆಯ ಆಸ್ಪತ್ರೆಯಲ್ಲಿ. ಕಾರವಾರ-ಅಂಕೋಲೆಗಳ ನಡುವಣ ತೀರದ ಅನೇಕ ಹಳ್ಳಿಗಳು ತಮ್ಮ ನೆಲವನ್ನು ಬಿಟ್ಟುಕೊಟ್ಟ ಮೇಲೆ ನಿರ್ಮಾಣವಾದುದು ಆ ನೌಕಾನೆಲೆ. ಆಸ್ಪತ್ರೆಗೆ ಪತಂಜಲಿಯ ಹೆಸರಿದೆ. ಯೋಗದಿಂದ ಚಿತ್ತದ, ವ್ಯಾಕರಣದಿಂದ ವಾಕ್ಕಿನ, ವೈದ್ಯದಿಂದ ಶರೀರದ ಮಲವನ್ನು ಕಳೆದವನೆಂದು ಪರಂಪರೆಯು ಕೊಂಡಾಡುವ ಹೆಸರು ಅದು. ನಾಡಿನ ರಕ್ಷಣೆಗೆಂದು ಕಟ್ಟಿದ ಮನೆಯಲ್ಲಿ ಊರ ಜನರ ಆರೈಕೆ ನಡೆದುದು ಈ ಜಿಲ್ಲೆಯ ಚರಿತ್ರೆಯಲ್ಲಿ ಬರೆದಿಡತಕ್ಕ ಸಂಗತಿ. ೨೦೧೬ರಲ್ಲಿ ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಸ್ಥಾಪಿತವಾಗಿದ್ದಿತು. ೧೯೧೮ರಲ್ಲಿ ಇಂತಹ ಅನುಕೂಲವನ್ನು ಈ ತೀರವು ಕನಸಿನಲ್ಲಿಯೂ ಕಂಡಿರಲಾರದು.

ಅನಂತರ ರೋಗವು ಮಹಾರಾಷ್ಟ್ರದ ಕಡೆಯಿಂದಲೂ ನೆರೆಯ ಊರುಗಳಿಂದಲೂ ನೆಲದ ದಾರಿಗಳಲ್ಲಿ ಬಂದಿತು. ಆದರೆ ಮೊದಲು ಬಂದವರ ಮೇಲೆ ಅಪವಾದವು ನಿಲ್ಲುವುದು ಎಲ್ಲ ಕಾಲದ ಸಾಂಕ್ರಾಮಿಕಗಳ ವಾಡಿಕೆ. ಇಲ್ಲಿ ಚರಿತ್ರಕಾರನು ಮಾತನಾಡಬೇಕಾಗುತ್ತದೆ. ೨೦೧೨ರಿಂದ ೨೦೨೦ರವರೆಗೆ ಎಂಟು ವರ್ಷಗಳ ಕಾಲ ಇದೇ ಜನರು ಇದೇ ದಾರಿಯಲ್ಲಿ, ನೂರಕ್ಕೆ ಮೂವತ್ತಾರು ಮಂದಿಯನ್ನು ಕೊಲ್ಲುವ ರೋಗವಿದ್ದ ನಾಡುಗಳಿಗೆ ಹೋಗಿಬಂದರು. ಆ ರೋಗವನ್ನು ತರಲಿಲ್ಲ. ಆಗ ಅವರನ್ನು ಯಾರೂ ಹೊಗಳಲಿಲ್ಲ, ಹೊಗಳಬೇಕಾದುದೂ ಇರಲಿಲ್ಲ. ಹಾಗಾದರೆ ೨೦೨೦ರಲ್ಲಿ ತೆಗಳುವುದಕ್ಕೂ ಆಧಾರವಿಲ್ಲ. ಜನರ ನಡತೆಯಲ್ಲಿ ಭೇದವಿರಲಿಲ್ಲ. ಭೇದವಿದ್ದುದು ವಿಷಾಣುವಿನ ಬೀಗದ ಕೈಯಲ್ಲಿ.

೮

ಕೊನೆಯದಾಗಿ ಮಧುಮೇಹದ ಮಾತು. ಮರ್ಸ್ ರೋಗಿಗಳಲ್ಲಿ ಮಧುಮೇಹಿಗಳ ಸಂಖ್ಯೆ ಹೆಚ್ಚು. ಅವರಲ್ಲಿ ರೋಗವೂ ಉಗ್ರ. ಬಾಗಿಲಾದ ಕಿಣ್ವವೇ ಮಧುಮೇಹದ ಕಿಣ್ವವೂ ಆಗಿರುವುದರಿಂದ ಎರಡನ್ನೂ ಕೂಡಿಸಿ 'ಮಧುಮೇಹಿಯಲ್ಲಿ ಬಾಗಿಲುಗಳು ಹೆಚ್ಚು, ಆದುದರಿಂದ ವಿಷಾಣುವೂ ಹೆಚ್ಚು' ಎಂದು ತೀರ್ಮಾನಿಸುವುದು ಅತಿ ಸುಲಭ. ೨೦೧೯ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮನುಷ್ಯನ ಡಿಪಿಪಿ-೪ ಅನ್ನು ಇಲಿಗಳಲ್ಲಿ ಸೇರಿಸಿ, ಅವುಗಳಲ್ಲಿ ಕೆಲವನ್ನು ಮಧುಮೇಹಕ್ಕೆ ಒಳಪಡಿಸಿ ಸೋಂಕು ತಗುಲಿಸಿದರು. ವಿಷಾಣುವಿನ ಪ್ರಮಾಣವು ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿದ್ದಿತು. ಆದರೆ ಮಧುಮೇಹದ ಇಲಿಗಳು ಹೆಚ್ಚು ದಿನ, ಹೆಚ್ಚು ಉಗ್ರವಾಗಿ ಬಳಲಿದವು. ಅವುಗಳ ರೋಗನಿರೋಧಕ ಕಣಗಳು ತಕ್ಕ ಕಾಲದಲ್ಲಿ ತಕ್ಕ ಕ್ರಮದಲ್ಲಿ ಕೂಡಲಿಲ್ಲವೆಂಬುದೇ ಕಾರಣವಾಗಿ ತೋರಿತು. ಅಂದರೆ ದೋಷವು ಬಾಗಿಲಿನ ಸಂಖ್ಯೆಯಲ್ಲಿಲ್ಲ, ಒಳಗಿನ ಕಾವಲಿನಲ್ಲಿದೆ. ಚಿರಕಾಲದ ಶ್ವಾಸರೋಗಿಗಳ ಹಾಗೂ ಧೂಮಪಾನಿಗಳ ಶ್ವಾಸಕೋಶದಲ್ಲಾದರೋ ಈ ಕಿಣ್ವವು ನಿಜವಾಗಿಯೇ ಹೆಚ್ಚಾಗಿರುವುದು ಕಂಡುಬಂದಿದೆ. ಅವರ ವಿಷಯದಲ್ಲಿ ಬಾಗಿಲಿನ ವಾದಕ್ಕೆ ಸ್ವಲ್ಪ ಬಲವುಂಟು.

ಕೋವಿಡ್ ಇದಕ್ಕೆ ಮತ್ತೊಂದು ಸಾಕ್ಷ್ಯವನ್ನೊದಗಿಸಿತು. ಅದರ ಬಾಗಿಲು ಬೇರೆ; ಆದರೂ ಮಧುಮೇಹಿಗಳೇ ಅದರಿಂದಲೂ ಹೆಚ್ಚು ನೊಂದರು. ೨೦೨೧ರ ಎರಡನೆಯ ಅಲೆಯಲ್ಲಿ, ಸಕ್ಕರೆಯು ಹತೋಟಿಯಲ್ಲಿಲ್ಲದವರಿಗೂ ಸ್ಟಿರಾಯ್ಡ್ ಔಷಧವನ್ನು ಪಡೆದವರಿಗೂ ಕಪ್ಪುಶಿಲೀಂಧ್ರದ ರೋಗವು ತಗುಲಿ ದೇಶದಲ್ಲೆಲ್ಲ ಭಯವುಂಟಾಯಿತು. ಆ ವರ್ಷದ ಮೇ ತಿಂಗಳಲ್ಲಿ ಅದನ್ನು ಕಡ್ಡಾಯವಾಗಿ ವರದಿಮಾಡತಕ್ಕ ರೋಗವೆಂದು ಸಾರುವಂತೆ ಕೇಂದ್ರ ಸರಕಾರವು ರಾಜ್ಯಗಳಿಗೆ ತಿಳಿಸಿತು. ಆಗ ಕೈಗೆ ಬಂದ ಕಾನೂನು ೧೮೯೭ರ ಪ್ಲೇಗಿನ ಕಾನೂನೇ. ಗ್ಲಿಪ್ಟಿನ್ ಗುಳಿಗೆಗಳು ಕೋವಿಡ್ಡಿಗೆ ಮದ್ದಾಗಬಹುದೆಂಬ ಆಸೆಯೂ ೨೦೨೦ರಲ್ಲಿ ಇಟಲಿಯ ಆಸ್ಪತ್ರೆಗಳ ಲೆಕ್ಕಗಳಿಂದ ಮೊಳೆಯಿತು. ಆಮೇಲೆ ನಡೆದ ಸಣ್ಣ ಸಣ್ಣ ಪರೀಕ್ಷೆಗಳ ಫಲವು ಒಂದರೊಡನೊಂದು ಹೊಂದಲಿಲ್ಲ. ಆದುದರಿಂದ ಆ ಗುಳಿಗೆಯನ್ನು ಸಕ್ಕರೆಗಾಗಿ ತೆಗೆದುಕೊಳ್ಳುವವರು ವಿಷಾಣುವಿನ ಭಯದಿಂದ ಬಿಡಬೇಕಾದುದೂ ಇಲ್ಲ, ವಿಷಾಣುವಿಗೆ ಮದ್ದೆಂದು ನಂಬಬೇಕಾದುದೂ ಇಲ್ಲ.

ಇಷ್ಟರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಸಾಂಕ್ರಾಮಿಕದ ಚರಿತ್ರೆಯನ್ನು ಬರೆಯುವವನು ಬಂದರದ ದಫ್ತರವನ್ನು ನೋಡಿದಂತೆಯೇ ದೇಹದ ದಫ್ತರವನ್ನೂ ನೋಡಬೇಕು. ಇಲ್ಲವಾದರೆ ಅವನು ಕೋಶದ ಮೇಲಣ ಕಿಣ್ವದ ಕೆಲಸವನ್ನು ಒಂದು ಊರಿನ ಜನರ ತಲೆಗೆ ಕಟ್ಟುವನು. ಎರಡನೆಯದಾಗಿ, ಒಂದೇ ವಸ್ತುವು ಎರಡು ಕಡೆ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ತಿಳಿಯಲಾಗದು. ಒಂದೇ ಶಬ್ದವು ಎರಡು ಶಾಸನಗಳಲ್ಲಿ ಬಂದರೆ ಎರಡೂ ಒಬ್ಬನೇ ಅರಸನವೆಂದು ನಾವು ಹೇಳುವೆವೆ? ಕಾಲ, ಸ್ಥಳ, ಲಿಪಿಗಳನ್ನು ಪರೀಕ್ಷಿಸಿದ ಮೇಲೆ ಹೇಳುವೆವು. ಕಾಳೀನದಿಯ ಮುಖದಲ್ಲಿ ಇಂದಿಗೂ ದಾರಿಯು ಪಶ್ಚಿಮಕ್ಕೆ ತೆರೆದೇ ಇದೆ. ಮುಂದೆಯೂ ಜನರು ಹೋಗುವರು, ಬರುವರು. ಅವರಲ್ಲಿ ಯಾರಾದರೂ ಜ್ವರದಿಂದ ಬಂದಿಳಿದ ದಿನ, ಎಲ್ಲಿಂದ ಬಂದರೆಂದು ಕೇಳಿದವರು ಯಾವ ವಿಷಾಣು, ಅದರ ಬಾಗಿಲು ಎಲ್ಲಿಯದು ಎಂಬುದನ್ನೂ ಕೇಳಿ ತಿಳಿಯುವಂತಾದರೆ ಈ ಪರಿಶ್ರಮವು ಸಾರ್ಥಕವೆಂದು ಭಾವಿಸುವೆನು.